ಬೆಂಕಿ ಬೀಳುವ ಮುಂಚೆ: ಓದುಗರ ಪ್ರಶ್ನೆ, ಅಗ್ನಿ ಸುರಕ್ಷಾ ಬಳಗದ ಉತ್ತರ

ಅಗ್ನಿಶಾಮಕ ಠಾಣೆ ಎಂದರೆ ಸೈರನ್ ಹಾಕಿಕೊಂಡು ಓಡಿಬರುವ ಕೆಂಪು ವಾಹನವಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಕಟ್ಟಡಗಳ ತಪಾಸಣೆ, ಶಾಲೆಗಳಲ್ಲಿ ಪಾಠ, ಬಡಾವಣೆಗಳಲ್ಲಿ ಅಣಕು ಪ್ರದರ್ಶನ ಇವೂ ಠಾಣೆಯ ಕೆಲಸವೇ. ಕೇಳಿದವರಿಗೆ ಇವು ಸಿಗುತ್ತವೆ, ಕೇಳುವವರು ಕಡಿಮೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಆ ಕಡೆಗೇ ತಿರುಗಿರುವುದು ನಮಗೆ ಸಂತೋಷ ತಂದಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಆರು ಮಹಡಿಯ ವಸತಿ ಸಮುಚ್ಚಯ. ಸಂಘದ ವತಿಯಿಂದ ಅಗ್ನಿಶಾಮಕ ಠಾಣೆಯವರನ್ನು ಒಂದು ದಿನ ಕರೆಸಬೇಕೆಂದಿದ್ದೇವೆ. ಬೆಂಕಿ ಹಚ್ಚಿ ನಂದಿಸಿ ತೋರಿಸಿದರೆ ಸಾಕೆ, ಇನ್ನೇನಾದರೂ ಕೇಳಬಹುದೆ?

ಉತ್ತರ: ತಟ್ಟೆಯಲ್ಲಿ ಡೀಸೆಲ್ ಸುರಿದು ಬೆಂಕಿ ಹಚ್ಚಿ ನಂದಿಸುವುದು ನೋಡಲು ಚೆನ್ನ. ಜನ ಸೇರುತ್ತಾರೆ, ಫೋಟೊ ಬರುತ್ತದೆ. ಅಷ್ಟಕ್ಕೇ ಮುಗಿಸಿದರೆ ಒಂದು ಒಳ್ಳೆಯ ದಿನ ಕೈತಪ್ಪಿದಂತೆ. ಪತ್ರ ಬರೆಯುವಾಗಲೇ ಮೂರು ಕೆಲಸ ಕೇಳಿ: ಮೊದಲು ಕಟ್ಟಡವನ್ನು ಸುತ್ತಿ ನೋಡುವುದು, ಆಮೇಲೆ ಎಲ್ಲರನ್ನೂ ಹೊರಗಿಳಿಸುವ ಅಣಕು ಪ್ರದರ್ಶನ, ಸಮಯ ಉಳಿದರೆ ಕೊನೆಗೆ ಅಗ್ನಿನಂದಕದ ಪ್ರಾತ್ಯಕ್ಷಿಕೆ.

ಸುತ್ತುವುದು ಗೇಟಿನಿಂದ ಶುರುವಾಗಲಿ. ಅಗ್ನಿಶಾಮಕ ವಾಹನ ಬರುವ ದಾರಿ 3.7 ಮೀಟರ್, ಗೇಟು 3.1 ಮೀಟರ್ ಅಗಲ ಇರಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಮಾದರಿ ಸಂಹಿತೆ 20 ಅಡಿ, ಅಂದರೆ ಸುಮಾರು 6.1 ಮೀಟರ್ ಕೇಳುತ್ತದೆ. ನಿಮಗೆ ಅನ್ವಯಿಸುವ ಅಳತೆ ಯಾವುದೆಂದು ಠಾಣೆಯವರೇ ಹೇಳುತ್ತಾರೆ. ಆದರೆ ಅಳೆಯಬೇಕಾದದ್ದು ಹಗಲು ಹನ್ನೊಂದಕ್ಕಲ್ಲ, ಎಲ್ಲರ ಕಾರುಗಳೂ ಬಂದು ನಿಂತ ಮೇಲೆ ರಾತ್ರಿ ಹತ್ತಕ್ಕೆ. ಸಾಧ್ಯವಿದ್ದರೆ ವಾಹನವನ್ನೇ ಒಳಗೆ ತಂದು ತಿರುಗಿಸಿ ನೋಡಲು ಕೋರಿ. ಜೋತುಬಿದ್ದ ಕೇಬಲ್ಲು, ತಗ್ಗಿನ ಕಮಾನು, ತಿರುವಿನಲ್ಲಿ ಯಾರೋ ಇಟ್ಟ ಹೂಕುಂಡದ ಸಾಲು ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ನೀರು ತುಂಬಿದ ವಾಹನ 10 ಟನ್ನಿಗೂ ಮೇಲೆ ತೂಗುವುದು ಸಾಮಾನ್ಯ. ಆದ್ದರಿಂದ ದಾರಿಯ ನಡುವೆ ನೆಲದಡಿಯ ತೊಟ್ಟಿ ಇದ್ದರೆ ಅದರ ಚಪ್ಪಡಿ ಆ ಭಾರ ತಡೆಯುತ್ತದೆಯೇ ಎಂದು ಕಟ್ಟಡದ ಎಂಜಿನಿಯರ್ ಹತ್ತಿರ ಮೊದಲೇ ಕೇಳಿಟ್ಟಿರಿ.

ಆಮೇಲೆ ಪಂಪ್‌ಹೌಸ್. ಪ್ರತಿ ಮಹಡಿಗೂ ಕೆಂಪು ಪೈಪು ಹೋಗಿರುತ್ತದೆ, ಪೆಟ್ಟಿಗೆಯಲ್ಲಿ ಹೋಸ್ ಇರುತ್ತದೆ. ಆದರೆ ಕಂಟ್ರೋಲ್ ಪ್ಯಾನೆಲ್ಲಿನ ಸ್ವಿಚ್ ‘ಆಟೊ’ ಬದಲು ‘ಮ್ಯಾನುಯಲ್’ನಲ್ಲಿ ನಿಂತಿದ್ದರೆ ಬೆಂಕಿ ಬಿದ್ದ ರಾತ್ರಿ ಪಂಪು ತಾನಾಗಿ ಶುರುವಾಗುವುದಿಲ್ಲ. ಸಣ್ಣ ಸೋರಿಕೆಯಿಂದ ಪಂಪು ಪದೇ ಪದೇ ಓಡುತ್ತಿದೆ ಎಂದು ಯಾರೋ ಸ್ವಿಚ್ ತಿರುಗಿಸಿರುತ್ತಾರೆ, ಸೋರಿಕೆ ಸರಿಮಾಡಿಸಿದ ಮೇಲೂ ವಾಪಸ್ ಹಾಕುವುದು ಮರೆತುಹೋಗಿರುತ್ತದೆ. ಠಾಣೆಯವರ ಎದುರಿಗೇ ಮೇಲಿನ ಮಹಡಿಯ ವಾಲ್ವ್ ತೆರೆಸಿ. ಪಂಪು ತಾನಾಗಿ ಚಾಲೂ ಆಯಿತೇ, ನೀರು ಒತ್ತಡದಿಂದ ಬಂತೇ, ಹೋಸ್ ಜೋಡಿಸುವ ಕಪ್ಲಿಂಗಿನಲ್ಲಿ ರಬ್ಬರ್ ವಾಷರ್ ಇದೆಯೇ, ಪಿತ್ತಾಳೆಯ ನಾಜಲ್ ಜಾಗದಲ್ಲೇ ಇದೆಯೇ, ಎಲ್ಲವನ್ನೂ ನೋಡಿ. ನಾಜಲ್ ಕಳುವಾದ ಪೆಟ್ಟಿಗೆ ಅಪರೂಪವಲ್ಲ.

ಮೆಟ್ಟಿಲಿನಲ್ಲಿ ಹಳೆ ಹಾಸಿಗೆ, ಸೈಕಲ್ಲು, ಪೇಂಟ್ ಡಬ್ಬ ಇಡಲೇಬಾರದು. ಮೆಟ್ಟಿಲಿನ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಡುವ ಅಭ್ಯಾಸ ಅದಕ್ಕಿಂತಲೂ ಕೆಟ್ಟದ್ದು. ಆ ಬಾಗಿಲು ಇರುವುದೇ ಹೊಗೆ ಮೆಟ್ಟಿಲಿಗೆ ನುಗ್ಗದಂತೆ ತಡೆಯಲು. ಮೀಟರ್ ಕೋಣೆಯನ್ನು ಉಗ್ರಾಣ ಮಾಡಿಕೊಂಡಿದ್ದರೆ ಅಂದೇ ಖಾಲಿ ಮಾಡಿಸಿ.

ಅಣಕು ಪ್ರದರ್ಶನವನ್ನು ಮೊದಲ ಸಲ ಸಮಯ ತಿಳಿಸಿಯೇ ಮಾಡಿ. ಗಂಟೆ ಹೊಡೆದ ಕ್ಷಣದಿಂದ ಕೊನೆಯವರು ಸೇರುವ ಜಾಗಕ್ಕೆ ಬರುವವರೆಗೆ ಗಡಿಯಾರ ಹಿಡಿಯಿರಿ, ಪ್ರತಿ ಮಹಡಿಗೊಬ್ಬರು ತಲೆ ಎಣಿಸಲಿ. ಸೇರುವ ಜಾಗ ಗೋಡೆಯಿಂದ ದೂರವಿರಲಿ, ಏಕೆಂದರೆ ಬಿಸಿಗೆ ಕಿಟಕಿಯ ಗಾಜು ಒಡೆದು ಕೆಳಗೆ ಬೀಳುತ್ತದೆ. ವಾಹನ ಬರುವ ದಾರಿಯಲ್ಲೂ ಅದು ಇರಬಾರದು. ಎರಡನೆಯ ಸಲ ಸಮಯ ಹೇಳಬೇಡಿ. ಒಂದು ಮೆಟ್ಟಿಲ ಬಾಗಿಲಲ್ಲಿ ‘ಇಲ್ಲಿ ಹೊಗೆ’ ಎಂಬ ಹಲಗೆ ಹಿಡಿದು ಒಬ್ಬರನ್ನು ನಿಲ್ಲಿಸಿ. ಜನ ದಿನವೂ ಬಳಸುವ ದಾರಿಗೇ ಓಡುತ್ತಾರೆ. ಅದು ಮುಚ್ಚಿದ್ದಾಗ ಇನ್ನೊಂದು ಮೆಟ್ಟಿಲು ಎಲ್ಲಿದೆ ಎಂದು ತಡಕಾಡುವವರು ಎಷ್ಟು ಮಂದಿ ಎಂಬುದು ಅಂದು ಗೊತ್ತಾಗಲಿ.

ಪ್ರಶ್ನೆ: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಎನ್ನುತ್ತಾರೆ. ಒಂದು ಲೋಟವೂ ಕೂಡದೆ? ಹಿಟ್ಟು, ಉಪ್ಪು ಎರಚಬಹುದೆ?

ಉತ್ತರ: ಒಂದು ಲೋಟವೂ ಕೂಡದು. ತಾನಾಗಿ ಹೊತ್ತಿಕೊಂಡ ಎಣ್ಣೆ 300 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಿರುತ್ತದೆ. ಎಣ್ಣೆಗಿಂತ ಭಾರವಾದ ನೀರು ನೇರ ತಳಕ್ಕಿಳಿಯುತ್ತದೆ, ಇಳಿದ ಕೂಡಲೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ಆವಿ ಮೇಲಿನ ಎಣ್ಣೆಯನ್ನು ಸಣ್ಣ ಹನಿಗಳಾಗಿ ಎತ್ತಿ ಎಸೆಯುತ್ತದೆ, ಒಂದೊಂದು ಹನಿಯೂ ಗಾಳಿಯಲ್ಲೇ ಉರಿಯುತ್ತದೆ. ಬಾಣಲೆಯಲ್ಲಿದ್ದ ಬೆಂಕಿ ಒಂದೆರಡು ಸೆಕೆಂಡಿನಲ್ಲಿ ಚಾವಣಿ ಮುಟ್ಟುತ್ತದೆ.

ಕೈಗೆಟುಕಿದರೆ ಒಲೆ ಆರಿಸಿ. ಬಾಣಲೆಗಿಂತ ದೊಡ್ಡದಾದ ಲೋಹದ ಮುಚ್ಚಳ ಅಥವಾ ಅಗಲ ತಟ್ಟೆಯನ್ನು ನಿಮಗೂ ಉರಿಗೂ ನಡುವೆ ಅಡ್ಡ ಹಿಡಿದು, ನಿಮ್ಮ ಕಡೆಯ ಅಂಚಿನಿಂದ ಆಚೆಗೆ ಜಾರಿಸಿ ಮುಚ್ಚಿ. ಮೇಲಿನಿಂದ ಎಸೆಯಬೇಡಿ. ಮುಚ್ಚಿದ ಮೇಲೆ ಎಲ್ಲರೂ ಮಾಡುವ ತಪ್ಪೊಂದಿದೆ: ಆರಿತೇ ಎಂದು ಎತ್ತಿ ನೋಡುವುದು. ಎಣ್ಣೆ ಇನ್ನೂ ಹೊತ್ತಿಕೊಳ್ಳುವಷ್ಟು ಕಾದೇ ಇರುತ್ತದೆ, ಗಾಳಿ ತಾಕಿದೊಡನೆ ಮತ್ತೆ ಭಗ್ಗೆಂದು ಏಳುತ್ತದೆ. ಪಾತ್ರೆ ಪೂರ್ತಿ ತಣ್ಣಗಾಗುವವರೆಗೆ, ಕನಿಷ್ಠ ಅರ್ಧ ಗಂಟೆ, ಅದನ್ನು ಮುಟ್ಟಬೇಡಿ. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡುವುದಂತೂ ಬೇಡವೇ ಬೇಡ. ನಡಿಗೆಗೆ ಎಣ್ಣೆ ತುಳುಕಿ ಕೈಕಾಲಿನ ಮೇಲೆ ಬೀಳುತ್ತದೆ.

ಹಿಟ್ಟು ಎರಚಬೇಡಿ. ಗಾಳಿಯಲ್ಲಿ ತೇಲುವ ಹಿಟ್ಟಿನ ಪುಡಿ ತಾನೇ ಹೊತ್ತಿ ಉರಿಯುತ್ತದೆ. ಉಪ್ಪು, ಅಡುಗೆ ಸೋಡಾ ತೀರಾ ಸಣ್ಣ ಉರಿಗೆ ಆದೀತು, ಆದರೆ ರಾಶಿಗಟ್ಟಲೆ ಬೇಕಾಗುತ್ತದೆ. ಡಬ್ಬ ಹುಡುಕುವ ಹೊತ್ತಿಗೆ ಮುಚ್ಚಳ ಮುಚ್ಚಿ ಮುಗಿದಿರುತ್ತದೆ. ಮುಚ್ಚಲು ಆಗದಷ್ಟು ಉರಿ ಎದ್ದಿದ್ದರೆ ಅಡುಗೆಮನೆಯ ಬಾಗಿಲು ಎಳೆದುಕೊಂಡು ಎಲ್ಲರನ್ನೂ ಹೊರಗೆ ಕರೆತನ್ನಿ.

ಎಣ್ಣೆ ಹೊತ್ತಿಕೊಳ್ಳುವ ಮುಂಚೆ ಸೂಚನೆ ಕೊಡುತ್ತದೆ: ಮೊದಲು ತೆಳ್ಳಗೆ ಹೊಗೆ, ಆಮೇಲೆ ಕಣ್ಣುರಿಸುವ ದಟ್ಟ ಹೊಗೆ. ತೆಳ್ಳಗಿನ ಹೊಗೆ ಕಂಡಾಗಲೇ ಒಲೆ ಆರಿಸಿದರೆ ಮೇಲಿನ ಯಾವುದೂ ಬೇಕಾಗುವುದಿಲ್ಲ. ಕಾಯಲು ಇಟ್ಟ ಎಣ್ಣೆಯನ್ನು ಬಿಟ್ಟು ಫೋನಿಗೆ, ಬಾಗಿಲಿಗೆ ಹೋಗುವುದಾದರೆ ಒಲೆ ಆರಿಸಿ ಹೋಗಿ.

ಪ್ರಶ್ನೆ: ಐದು ವರ್ಷದ ಹಿಂದೆ ಕೊಂಡ ಕೆಂಪು ಅಗ್ನಿನಂದಕ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆಗೆ ತೂಗುತ್ತಿದೆ. ಒಮ್ಮೆಯೂ ಬಳಸಿಲ್ಲ. ಅದು ಈಗಲೂ ಕೆಲಸ ಮಾಡುತ್ತದೆಯೆ?

ಉತ್ತರ: ಮೊದಲು ಅದರ ಜಾಗ ಬದಲಿಸಿ. ಒಲೆಗೆ ಬೆಂಕಿ ಹತ್ತಿದಾಗ ಒಲೆಯ ಪಕ್ಕ ತೂಗುವ ಸಿಲಿಂಡರ್ ತೆಗೆಯಲು ಉರಿಯ ಮೇಲೆ ಕೈ ಚಾಚಬೇಕಾಗುತ್ತದೆ. ಅಡುಗೆಮನೆಯಿಂದ ಹೊರಹೋಗುವ ಬಾಗಿಲ ಬಳಿ ತೂಗುಹಾಕಿ.

ಈಗ ಮಾಪಕ ನೋಡಿ. ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಎಡಕ್ಕೆ ಕೆಂಪಿಗೆ ಬಂದಿದ್ದರೆ ಒತ್ತಡ ಸೋರಿದೆ ಎಂದರ್ಥ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮಾಪಕ ಇರುವುದಿಲ್ಲ, ಅದನ್ನು ತೂಗಿಯೇ ನೋಡಬೇಕು. ಒಳಗಿನ ಅನಿಲ ನೂರಕ್ಕೆ ಹತ್ತರಷ್ಟು ಕಡಿಮೆಯಾಗಿದ್ದರೂ ಮತ್ತೆ ತುಂಬಿಸುವುದು ವಾಡಿಕೆ. ಪಿನ್ನಿಗೆ ಕಟ್ಟಿದ ಸೀಲ್ ಹಾಗೆಯೇ ಇದೆಯೇ, ತುಕ್ಕು ಹಿಡಿದಿದೆಯೇ ನೋಡಿ. ಹೋಸಿನ ತುದಿಗೆ ಟಾರ್ಚ್ ಹಾಕಿ ಒಳಗೆ ನೋಡಿ, ಜೇಡ, ಕಣಜಗಳು ಅಲ್ಲಿ ಗೂಡು ಕಟ್ಟುವುದುಂಟು. ಇದಿಷ್ಟಕ್ಕೆ ತಿಂಗಳಿಗೆ ಎರಡು ನಿಮಿಷ ಸಾಕು. ವರ್ಷಕ್ಕೊಮ್ಮೆ ಪರಿಣತರಿಂದ ತಪಾಸಣೆ ಬೇಕು. ಅಮೆರಿಕದ ಎನ್‌ಎಫ್‌ಪಿಎ 10 ಮಾನದಂಡದಲ್ಲಿ ಒಣ ಪುಡಿಯ ಸಿಲಿಂಡರಿಗೆ 6 ವರ್ಷಕ್ಕೊಮ್ಮೆ ಒಳಗಿನ ಪರೀಕ್ಷೆ, 12 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಇದೆ. ಕಾರ್ಬನ್ ಡೈಆಕ್ಸೈಡಿಗೆ ಒತ್ತಡದ ಪರೀಕ್ಷೆ 5 ವರ್ಷಕ್ಕೇ ಬರುತ್ತದೆ. ಒಮ್ಮೆ ಒಂದೇ ಸೆಕೆಂಡು ಒತ್ತಿ ಬಿಟ್ಟರೂ ಪುಡಿಯ ಸಿಲಿಂಡರನ್ನು ಮತ್ತೆ ತುಂಬಿಸಲೇಬೇಕು. ವಾಲ್ವಿನ ಬಾಯಲ್ಲಿ ಪುಡಿ ಸಿಕ್ಕಿಕೊಂಡು, ಒತ್ತಡ ನಿಧಾನವಾಗಿ ಸೋರಿಹೋಗುತ್ತದೆ.

ಸಿಲಿಂಡರಿನ ಮೇಲೆ ಬರೆದಿರುವ ಅಕ್ಷರಗಳ ಬಗ್ಗೆ ಒಂದು ಎಚ್ಚರಿಕೆ. ‘ಎ’ ಎಂದರೆ ಕಟ್ಟಿಗೆ, ಬಟ್ಟೆ, ಕಾಗದ. ‘ಬಿ’ ಎಂದರೆ ಉರಿಯುವ ದ್ರವ. ಇವೆರಡು ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ‘ಸಿ’ ಮಾತ್ರ ಅಮೆರಿಕದ ಪದ್ಧತಿಯಲ್ಲಿ ವಿದ್ಯುತ್ ಉಪಕರಣದ ಬೆಂಕಿ, ಐರೋಪ್ಯ ಪದ್ಧತಿಯಲ್ಲಿ ಅನಿಲದ ಬೆಂಕಿ. ಅಡುಗೆ ಎಣ್ಣೆಗೆ ಅಮೆರಿಕದ ಪದ್ಧತಿಯಲ್ಲಿ ‘ಕೆ’, ಐರೋಪ್ಯ ಪದ್ಧತಿಯಲ್ಲಿ ‘ಎಫ್’. ಅಕ್ಷರ ನೋಡಿ ಊಹಿಸದೆ ಪಕ್ಕದ ಚಿತ್ರ, ಬರಹ ಎರಡನ್ನೂ ಓದಿ. ಮನೆಗೆ ಸಾಮಾನ್ಯವಾಗಿ ಎಬಿಸಿ ಪುಡಿ ಸಾಕು. ಆದರೆ ಆಳವಾದ ಎಣ್ಣೆಯ ಬೆಂಕಿಗೆ ಅದು ಸರಿಯಾದ ಮದ್ದಲ್ಲ. ಉರಿಯನ್ನು ಒಮ್ಮೆ ಬಡಿದು ಕೂರಿಸುತ್ತದೆ, ಎಣ್ಣೆಯನ್ನು ತಣಿಸುವುದಿಲ್ಲ, ಹತ್ತಿರದಿಂದ ಹೊಡೆದರೆ ಎಣ್ಣೆಯೇ ಚಿಮ್ಮುತ್ತದೆ. ಹೋಟೆಲಿನ ಅಡುಗೆಮನೆಗಳಲ್ಲಿ ವೆಟ್ ಕೆಮಿಕಲ್ ಎಂಬ ದ್ರವದ ಅಗ್ನಿನಂದಕ ಇಡುವುದು ಅದಕ್ಕೇ. ಅದು ಎಣ್ಣೆಯ ಮೇಲ್ಪದರವನ್ನು ಸಾಬೂನಿನಂಥ ನೊರೆ ಮಾಡಿ ಮುಚ್ಚುತ್ತದೆ, ಜೊತೆಗೆ ತಣಿಸುತ್ತದೆ.

ಬಳಸುವಾಗ ಹೊರಬಾಗಿಲು ನಿಮ್ಮ ಬೆನ್ನ ಹಿಂದಿರಲಿ. ಪಿನ್ ಎಳೆಯಿರಿ, ಎರಡು ಎರಡೂವರೆ ಮೀಟರ್ ದೂರದಿಂದ ಉರಿಯ ಬುಡಕ್ಕೆ ಗುರಿಯಿಡಿ, ಹಿಡಿಕೆ ಅದುಮಿ, ಅಕ್ಕಪಕ್ಕ ಗುಡಿಸುವಂತೆ ಆಡಿಸಿ. ಜ್ವಾಲೆಯ ತುದಿಗೆ ಹೊಡೆದ ಪುಡಿ ವ್ಯರ್ಥ. 2 ಕಿಲೋದ ಸಿಲಿಂಡರ್ ಖಾಲಿಯಾಗಲು 10 ಸೆಕೆಂಡಿನ ಆಸುಪಾಸು ಸಾಕು. ಆದ್ದರಿಂದ ಕಸದ ಬುಟ್ಟಿಯಷ್ಟು ಬೆಂಕಿಗೆ ಮಾತ್ರ ಅದನ್ನು ನಂಬಿ. ಚಾವಣಿಯವರೆಗೆ ಉರಿ ಎದ್ದಿದ್ದರೆ, ಹೊಗೆ ತಲೆಯ ಮಟ್ಟಕ್ಕೆ ಇಳಿದಿದ್ದರೆ, ಏನು ಉರಿಯುತ್ತಿದೆ ಎಂದೇ ಗೊತ್ತಿಲ್ಲದಿದ್ದರೆ, ಸಿಲಿಂಡರ್ ಅಲ್ಲೇ ಬಿಟ್ಟು ಹೊರಡಿ.

ಪ್ರಶ್ನೆ: ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ ಎನ್ನುವುದು ಏಕೆ?

ಉತ್ತರ: ಕರೆಂಟ್ ಹೋದರೆ ನಡುವೆ ಸಿಕ್ಕಿಕೊಳ್ಳುತ್ತೀರಿ. ಲಿಫ್ಟ್ ಓಡುವ ಬಾವಿ ಹೊಗೆಯನ್ನು ಚಿಮಣಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಗುಂಡಿ ಕೆಟ್ಟರೆ ಬೆಂಕಿ ಇರುವ ಮಹಡಿಯಲ್ಲೇ ಬಾಗಿಲು ತೆರೆದೀತು. ಅಗ್ನಿಶಾಮಕರಿಗೆಂದೇ ಪ್ರತ್ಯೇಕ ವಿದ್ಯುತ್ ಪೂರೈಕೆಯ ಲಿಫ್ಟ್ ಇರುವ ಕಟ್ಟಡಗಳಿವೆ, ಅದು ಅವರ ಬಳಕೆಗೆ.

ಪ್ರಶ್ನೆ: ಮನೆಯಲ್ಲಿ ಎಂಸಿಬಿ ಇದೆ, ಆರ್‌ಸಿಸಿಬಿ ಇದೆ. ಆದರೂ ಹೀಟರ್ ಹಾಕುವ ಸಾಕೆಟ್ ಕರಗಿ ಕಪ್ಪಾಗಿದೆ. ಯಾವುದೂ ಟ್ರಿಪ್ ಆಗಲಿಲ್ಲವೇಕೆ?

ಉತ್ತರ: ಒಳ್ಳೆಯ ಪ್ರಶ್ನೆ, ಇದನ್ನು ಎಲ್ಲರೂ ಓದಲಿ. ಎಂಸಿಬಿ ನೋಡುವುದು ಒಂದನ್ನೇ: ಮಿತಿಗಿಂತ ಹೆಚ್ಚು ಕರೆಂಟ್ ಹರಿಯುತ್ತಿದೆಯೇ ಎಂದು. ಆರ್‌ಸಿಸಿಬಿ ನೋಡುವುದು ಹೋದ ಕರೆಂಟ್ ಪೂರ್ತಿ ವಾಪಸ್ ಬಂತೇ ಎಂದು, ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ವ್ಯತ್ಯಾಸಕ್ಕೆ ಅದು ಬೀಳುತ್ತದೆ. ನಿಮ್ಮ ಸಾಕೆಟ್ಟಿನಲ್ಲಿ ಆದದ್ದು ಇವೆರಡೂ ಅಲ್ಲ. ತಂತಿಯನ್ನು ಹಿಡಿದಿರುವ ಸ್ಕ್ರೂ ಸಡಿಲವಾಗಿರಬೇಕು, ಇಲ್ಲವೇ ಪ್ಲಗ್ಗಿನ ಪಿನ್ನನ್ನು ಅಪ್ಪಿ ಹಿಡಿಯುವ ಒಳಗಿನ ಪಟ್ಟಿ ಸೋತಿರಬೇಕು. ಸಡಿಲವಾದ ಕಡೆ ಲೋಹಕ್ಕೆ ಲೋಹ ತಾಕುವುದು ಕೂದಲೆಳೆಯಷ್ಟು ಜಾಗದಲ್ಲಿ. ಹೀಟರಿನ ಪೂರ್ತಿ ಕರೆಂಟ್ ಆ ಕಿರಿದಾದ ಜಾಗದಲ್ಲೇ ಹಾಯಬೇಕು, ಅಲ್ಲಿ ಬಿಸಿ ಹುಟ್ಟುತ್ತದೆ. ಬಿಸಿಗೆ ಲೋಹ ಆಕ್ಸೈಡ್ ಆಗುತ್ತದೆ, ಆಕ್ಸೈಡ್ ಆದಷ್ಟೂ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಇನ್ನೂ ಬಿಸಿ. ಇಷ್ಟಾದರೂ ಹರಿಯುವ ಕರೆಂಟ್ ಹೆಚ್ಚಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿ.

ಇದನ್ನು ಹಿಡಿಯಬೇಕಾದದ್ದು ನಿಮ್ಮ ಕಣ್ಣು, ಮೂಗು, ಕೈ. ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ, ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಮೀನಿನಂಥ ವಾಸನೆ, ಚಿಟಪಟ ಸದ್ದು, ಪ್ಲಗ್ ತೆಗೆದಾಗ ಪಿನ್ ಮುಟ್ಟಲಾಗದಷ್ಟು ಬಿಸಿ, ಸ್ವಲ್ಪ ಅಲುಗಿದರೆ ಉಪಕರಣ ಆರಿ ಹೊತ್ತುವುದು, ಇವುಗಳಲ್ಲಿ ಒಂದು ಕಂಡರೂ ಮೇನ್ ಆಫ್ ಮಾಡಿ ಎಲೆಕ್ಟ್ರೀಷಿಯನ್ ಕರೆಸಿ. ಸಾಕೆಟ್ ಮಾತ್ರ ಬದಲಿಸಿದರೆ ಸಾಲದು, ಒಳಗೆ ಸುಟ್ಟು ಗಡುಸಾದ ತಂತಿಯ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಮತ್ತೆ ಜೋಡಿಸಬೇಕು. ಸುಟ್ಟ ಪ್ಲಗ್ಗನ್ನೇ ಹೊಸ ಸಾಕೆಟ್ಟಿಗೆ ಹಾಕಿದರೆ ಅದೂ ಕೆಡುತ್ತದೆ. ಸಡಿಲ ಸಂಪರ್ಕದಲ್ಲಿ ಹುಟ್ಟುವ ಕಿಡಿಯನ್ನು ಗುರುತಿಸುವ ಆರ್ಕ್ ಪತ್ತೆ ಸಾಧನಗಳು ಈಗ ಸಿಗುತ್ತವೆ. ಹೊಸದಾಗಿ ವೈರಿಂಗ್ ಮಾಡಿಸುವವರು ವಿಚಾರಿಸಿ ನೋಡಿ.

ಎಕ್ಸ್‌ಟೆನ್ಷನ್ ಬೋರ್ಡ್ ಬಗ್ಗೆಯೂ ಹಲವರು ಕೇಳಿದ್ದಾರೆ. ಬೋರ್ಡಿನ ಹಿಂದೆ ಆಂಪಿಯರ್ ಬರೆದಿರುತ್ತದೆ, ಅದನ್ನು ವೋಲ್ಟಿನಿಂದ ಗುಣಿಸಿ. 230 ವೋಲ್ಟಿಗೆ 10 ಆಂಪಿಯರ್ ಬೋರ್ಡ್ ಹೊರುವುದು ಒಟ್ಟು 2,300 ವಾಟ್. 2,000 ವಾಟಿನ ಹೀಟರ್ ಒಂದನ್ನು ಹಾಕಿದರೆ ಅದಕ್ಕೇ ಮುಗಿಯಿತು, ತೂತು ಇನ್ನೂ ಮೂರು ಉಳಿದಿದ್ದರೂ. ತಂತಿಯನ್ನು ಸುರುಳಿ ಸುತ್ತಿಟ್ಟು ಭಾರಿ ಉಪಕರಣ ಓಡಿಸಬೇಡಿ, ನಡುವಿನ ಸುತ್ತುಗಳ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ಜಮಖಾನದ ಕೆಳಗೂ ಹಾಯಿಸಬೇಡಿ.

ಪ್ರಶ್ನೆ: ಸ್ಮೋಕ್ ಅಲಾರಂ ಹಾಕಿಸಿದೆವು. ಒಗ್ಗರಣೆ ಹಾಕಿದಾಗಲೆಲ್ಲ ಕಿರುಚುತ್ತದೆಂದು ಬ್ಯಾಟರಿ ತೆಗೆದಿಟ್ಟಿದ್ದೇವೆ. ಬೇರೆ ದಾರಿ ಇದೆಯೆ?

ಉತ್ತರ: ಇದೆ, ಬ್ಯಾಟರಿಯನ್ನು ಮೊದಲು ವಾಪಸ್ ಹಾಕಿ. ಅಲಾರಂ ಒಲೆಯಿಂದ ಕನಿಷ್ಠ 3 ಮೀಟರ್ ದೂರವಿರಬೇಕು. ಅಡುಗೆಮನೆಯ ಒಳಗೆ ಬೇಕೇ ಬೇಕೆಂದರೆ ಹೊಗೆಗೆ ಕೂಗದೆ ಬಿಸಿಗೆ ಮಾತ್ರ ಕೂಗುವ ಹೀಟ್ ಅಲಾರಂ ಹಾಕಿ. ಹೊಗೆಯದರಲ್ಲಿ ಎರಡು ಬಗೆ: ಬೆಳಕಿನ ಕಿರಣ ಬಳಸುವ ಫೋಟೊಎಲೆಕ್ಟ್ರಿಕ್, ಮತ್ತು ಗಾಳಿಯಲ್ಲಿನ ವಿದ್ಯುದಾವೇಶದ ಕಣ ಬಳಸುವ ಅಯೊನೈಸೇಷನ್. ಅಡುಗೆಯ ಹೊಗೆಗೆ ಸುಮ್ಮಸುಮ್ಮನೆ ಕೂಗುವುದು ಎರಡನೆಯದೇ ಹೆಚ್ಚು. ಮಲಗುವ ಕೋಣೆಗಳ ಒಳಗೂ ಅವುಗಳ ಹೊರಗಿನ ಹಜಾರದಲ್ಲೂ ಫೋಟೊಎಲೆಕ್ಟ್ರಿಕ್ ಹಾಕಿಸುವುದು ನಮ್ಮ ಸಲಹೆ. ಹಾಸಿಗೆ, ಸೋಫಾದೊಳಗೆ ಉರಿಯಿಲ್ಲದೆ ಕಮರುವ ಬೆಂಕಿಯನ್ನು ಅದು ಬೇಗ ಹಿಡಿಯುತ್ತದೆ.

ಚಾವಣಿಯ ನಡುಭಾಗ ಉತ್ತಮ. ಗೋಡೆಗಾದರೆ ಚಾವಣಿಯಿಂದ 30 ಸೆಂಟಿಮೀಟರ್ ಒಳಗೆ. ಫ್ಯಾನಿನ ರೆಕ್ಕೆಯ ತುದಿಯಿಂದ, ಬಚ್ಚಲ ಬಾಗಿಲಿನಿಂದ ಸುಮಾರು 1 ಮೀಟರ್ ದೂರವಿಡಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ, ಆಗಾಗ ಧೂಳು ತೆಗೆಯಿರಿ. ನಿಮಿಷಕ್ಕೊಮ್ಮೆ ‘ಚಿಂವ್’ ಎಂದರೆ ಬ್ಯಾಟರಿ ಮುಗಿಯುತ್ತಿದೆ. ಹಿಂದೆ ಬರೆದ ತಯಾರಿಕೆಯ ದಿನಾಂಕದಿಂದ 10 ವರ್ಷ ಕಳೆದರೆ, ಗುಂಡಿ ಒತ್ತಿದಾಗ ಕೂಗಿದರೂ ಬದಲಿಸಿ. ಗುಂಡಿ ಪರೀಕ್ಷಿಸುವುದು ಮುಖ್ಯವಾಗಿ ಬ್ಯಾಟರಿ, ಸದ್ದು, ಒಳಗಿನ ಸರ್ಕ್ಯೂಟನ್ನು. ಹೊಗೆ ಹಿಡಿಯುವ ಭಾಗ ವರ್ಷಗಳಿಂದ ಧೂಳು ತಿಂದು ಮಂದವಾಗಿದ್ದರೆ ಅದು ಹೊರಗೆ ತಿಳಿಯುವುದಿಲ್ಲ.

ಪ್ರಶ್ನೆ: ನಾಲ್ಕನೇ ಮಹಡಿಯಲ್ಲಿದ್ದೇವೆ. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ಇಳಿಯಬಹುದೆ?

ಉತ್ತರ: ಬೇಡ. ಒದ್ದೆ ಬಟ್ಟೆ ಮಸಿಯ ಕಣವನ್ನು ಒಂದಿಷ್ಟು ತಡೆದೀತು, ಪ್ರಾಣ ತೆಗೆಯುವ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾಲ್ಕು ಮಹಡಿ ಇಳಿಯುವ ಮುಂಚೆಯೇ ಕಾಲು ಸೋಲುತ್ತದೆ.

ಹೊರಡುವ ಮುಂಚೆ ಮುಚ್ಚಿದ ಬಾಗಿಲನ್ನು ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ. ತಣ್ಣಗಿದ್ದರೆ ಒಂದಿಷ್ಟೇ ತೆರೆದು ನೋಡಿ. ಮೆಟ್ಟಿಲು ತಿಳಿಯಾಗಿದ್ದರೆ ಇಳಿಯಿರಿ, ಹೊರಗೆ ಬಂದ ಮೇಲೆ ಬೆನ್ನ ಹಿಂದಿನ ಬಾಗಿಲು ಎಳೆದುಕೊಳ್ಳಿ. ಹೊಗೆಯಿದ್ದರೆ ಒಳಗೇ ಉಳಿಯಿರಿ, ಬೀದಿ ಕಡೆಗೆ ಕಿಟಕಿಯಿರುವ ಕೋಣೆ ಸೇರಿ, ನಡುವಿನ ಬಾಗಿಲುಗಳನ್ನೆಲ್ಲ ಮುಚ್ಚಿ. ಒದ್ದೆ ಬಟ್ಟೆಗೆ ನಿಜವಾದ ಕೆಲಸ ಇಲ್ಲಿದೆ: ಬಾಗಿಲ ಕೆಳಗಿನ ಸಂದಿಗೆ ತುರುಕಿ. ಅಗ್ನಿಶಾಮಕಕ್ಕೆ ಕರೆ ಮಾಡಿ ಮಹಡಿ, ಕೋಣೆ, ಯಾವ ಬದಿ ಎಂದು ಹೇಳಿ. ಕಿಟಕಿಯಲ್ಲಿ ತಿಳಿ ಬಣ್ಣದ ಬಟ್ಟೆ ಬೀಸಿ, ರಾತ್ರಿಯಾದರೆ ಟಾರ್ಚ್ ಆಡಿಸಿ. ಕಿಟಕಿಯ ಗಾಜು ಒಡೆಯಬೇಡಿ, ಕೆಳಗಿನಿಂದ ಹೊಗೆ ಮೇಲೆ ಬಂದಾಗ ಮತ್ತೆ ಮುಚ್ಚಬೇಕಾದೀತು. ಕಿಟಕಿಗೆ ಕಬ್ಬಿಣದ ಸರಳು ಹಾಕಿಸಿರುವವರು ಕನಿಷ್ಠ ಒಂದರಲ್ಲಾದರೂ ಒಳಗಿನಿಂದ ತೆರೆಯುವ ಕಿಂಡಿ ಮಾಡಿಸಿ.

ಬಾಗಿಲು ಮುಚ್ಚುವುದನ್ನು ನಾವು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸುರಕ್ಷತಾ ಪರೀಕ್ಷೆ ನಡೆಸುವ ಅಮೆರಿಕದ ಯುಎಲ್ ಸಂಸ್ಥೆ 2009ರಲ್ಲಿ ಎರಡು ಕೋಣೆಗಳನ್ನು ಸುಟ್ಟು ನೋಡಿತು. ಹಳೆಯ ಕಾಲದ ಮರ, ಹತ್ತಿಯ ಪೀಠೋಪಕರಣದ ಕೋಣೆ ಪೂರ್ತಿ ಒಮ್ಮೆಗೇ ಹೊತ್ತಿಕೊಳ್ಳಲು 29 ನಿಮಿಷ 25 ಸೆಕೆಂಡು ಹಿಡಿಯಿತು. ಫೋಮ್, ಸಿಂಥೆಟಿಕ್ ಬಟ್ಟೆಯ ಇಂದಿನ ಕೋಣೆಗೆ ಸಾಕಾದದ್ದು 3 ನಿಮಿಷ 40 ಸೆಕೆಂಡು. ಎಷ್ಟೇ ಹತ್ತಿರದ ಠಾಣೆಯಿಂದಲೂ ಅಷ್ಟರಲ್ಲಿ ವಾಹನ ಬರುವುದು ಕಷ್ಟ. ಮುಚ್ಚಿದ ಒಂದು ಸಾಧಾರಣ ಬಾಗಿಲು ಹೊಗೆ, ಬಿಸಿ ಎರಡನ್ನೂ ತಡೆದು ಅವರು ಬರುವವರೆಗೆ ಸಮಯ ಕೊಡುತ್ತದೆ. ರಾತ್ರಿ ಮಲಗುವಾಗಲೂ ಕೋಣೆಯ ಬಾಗಿಲು ಮುಚ್ಚಿ ಮಲಗಿ.

ಪ್ರಶ್ನೆ: ರಾತ್ರಿ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಮೊದಲು ಏನು ಮಾಡಬೇಕು?

ಉತ್ತರ: ದೀಪದ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ಎಕ್ಸಾಸ್ಟ್ ಫ್ಯಾನ್ ಕೂಡ ಬೇಡ, ಅದರ ಸ್ವಿಚ್ಚಿನ ಕಿಡಿಯೇ ಸಾಕು. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ, ಎಲ್ಲರನ್ನೂ ಹೊರಗೆ ಕರೆದೊಯ್ದು ಅಲ್ಲಿಂದ ಫೋನ್ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಮೂಲೆ, ಮೋರಿ, ನೆಲಮಾಳಿಗೆಯಲ್ಲಿ ಕೂಡಿಕೊಳ್ಳುತ್ತದೆ. ಮೇಲಿನ ಕಿಟಕಿ ಒಂದನ್ನೇ ತೆರೆದರೆ ಅದು ಹೋಗುವುದಿಲ್ಲ, ನೆಲಮಟ್ಟದ ಬಾಗಿಲು ತೆರೆಯಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಚಾವಣಿಗೆ ಏರುತ್ತದೆ. ಗಾಳಿಯಲ್ಲಿ ಎಲ್‌ಪಿಜಿ ನೂರಕ್ಕೆ 2 ಪಾಲು ಸೇರಿದರೂ ಹೊತ್ತಿಕೊಳ್ಳಲು ಸಾಕು.

ಸೋರುವ ಜಾಗದಲ್ಲೇ ಉರಿ ಹತ್ತಿದ್ದರೆ, ಅನಿಲ ನಿಲ್ಲಿಸಲು ಆಗದಿದ್ದರೆ ಆ ಉರಿಯನ್ನು ನಂದಿಸಬೇಡಿ. ನಂದಿದ ಮೇಲೂ ಅನಿಲ ಬರುತ್ತಲೇ ಇದ್ದು, ಕೋಣೆ ತುಂಬಿ, ಇನ್ನೊಂದು ಕಿಡಿಗೆ ಸಿಡಿಯುತ್ತದೆ. ಸೋರಿಕೆ ಹುಡುಕಲು ಸಾಬೂನು ನೀರು ಸವರಿ ಗುಳ್ಳೆ ನೋಡಿ. ಬೆಂಕಿಕಡ್ಡಿ ಗೀರಿ ನೋಡುವುದನ್ನು ಯಾರೇ ಹೇಳಿದರೂ ಕೇಳಬೇಡಿ.

ಪ್ರಶ್ನೆ: ಇಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ರಾತ್ರಿ ಮುಂಬಾಗಿಲ ಪಕ್ಕ ಚಾರ್ಜಿಗೆ ಇಡುತ್ತೇವೆ. ತಪ್ಪೆ?

ಉತ್ತರ: ಸಮಯವೂ ತಪ್ಪು, ಜಾಗವೂ ತಪ್ಪು. ಲಿಥಿಯಂ ಅಯಾನ್ ಬ್ಯಾಟರಿಯ ಒಂದು ಕೋಶ ಕೆಟ್ಟು ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಅದು ಮುಂದಿನದನ್ನು. ನಿಮಿಷದೊಳಗೆ ದಟ್ಟ ವಿಷದ ಹೊಗೆ, ಆಮೇಲೆ ಚಿಮ್ಮುವ ಉರಿ. ಹೊರಗೋಡುವ ಒಂದೇ ಬಾಗಿಲು ಅದರ ಪಕ್ಕದಲ್ಲೇ ಇದ್ದರೆ ದಾರಿ ಮುಚ್ಚಿದಂತೆ. ಎಲ್ಲರೂ ಎಚ್ಚರವಿರುವಾಗ, ಮನೆಯಿಂದ ಹೊರಗೆ ಅಥವಾ ಹೊರದಾರಿಗೆ ಅಡ್ಡವಾಗದ ಕಡೆ, ಗಟ್ಟಿ ನೆಲದ ಮೇಲೆ ಚಾರ್ಜ್ ಮಾಡಿ. ವಾಹನದ ಜೊತೆ ಬಂದ ಚಾರ್ಜರನ್ನೇ ಬಳಸಿ. ಉಬ್ಬಿದ, ನೀರಿಗೆ ಬಿದ್ದ, ಬಿದ್ದು ಜಖಂ ಆದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಪುಡಿಯ ಅಗ್ನಿನಂದಕ ಈ ಬೆಂಕಿಯ ಮೇಲುರಿಯನ್ನಷ್ಟೇ ತಗ್ಗಿಸುತ್ತದೆ, ಒಳಗಿನ ಬಿಸಿ ಇಳಿಯಲು ತುಂಬಾ ನೀರು ಬೇಕು. ಅದು ಅಗ್ನಿಶಾಮಕರ ಕೆಲಸ, ನೀವು ಬಾಗಿಲು ಮುಚ್ಚಿ ಹೊರಗೆ ಬನ್ನಿ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳನ್ನು ಅಗ್ನಿಶಾಮಕ ಠಾಣೆಗೆ ಕರೆದೊಯ್ಯುತ್ತಿದ್ದೇವೆ. ವಾಹನ ನೋಡುವುದರ ಜೊತೆಗೆ ಏನು ಕಲಿಸಲು ಕೇಳಬೇಕು?

ಉತ್ತರ: ಒಂದನ್ನು ತಪ್ಪದೆ ಕೇಳಿ. ಸಿಬ್ಬಂದಿಯೊಬ್ಬರು ಮಕ್ಕಳ ಎದುರಿಗೇ ಒಂದೊಂದಾಗಿ ಉಡುಪು ತೊಡಲಿ: ಬೂಟು, ಕೋಟು, ಬೆನ್ನಿಗೆ ಸಿಲಿಂಡರ್, ಕೊನೆಗೆ ಮುಖವಾಡ. ಮುಖವಾಡ ಹಾಕಿದ ಮೇಲೆ ಉಸಿರಿನ ಸದ್ದು ಬುಸುಗುಡುತ್ತದೆ, ಮುಖ ಕಾಣುವುದಿಲ್ಲ. ಹೊಗೆಯಲ್ಲಿ ಅಂಥ ಆಕೃತಿ ತೆವಳಿಕೊಂಡು ಬಂದರೆ ಚಿಕ್ಕ ಮಗು ಹೆದರಿ ಮಂಚದ ಕೆಳಗೆ, ಬೀರುವಿನ ಒಳಗೆ ಇನ್ನೂ ಒತ್ತಿಕೊಂಡು ಕೂರುತ್ತದೆ, ಕರೆದರೂ ಓಗೊಡುವುದಿಲ್ಲ. ಆ ಉಡುಪಿನ ಒಳಗಿರುವವರು ಈಗಷ್ಟೇ ನಗುತ್ತಾ ಮಾತಾಡಿಸಿದ ಅಂಕಲ್ಲೋ ಆಂಟಿಯೋ ಎಂದು ಕಣ್ಣಾರೆ ಕಂಡ ಮಗು ಅವರ ಕಡೆಗೆ ಬರುತ್ತದೆ. ಬೆಂಕಿ ಹಚ್ಚಿದ್ದು ತಾನೇ ಆದರೂ ಬಚ್ಚಿಟ್ಟುಕೊಳ್ಳಬಾರದು, ಬೈಗುಳ ಆಮೇಲೆ, ಮೊದಲು ಹೊರಗೆ ಬರಬೇಕು ಎಂದು ದೊಡ್ಡವರೂ ಮಕ್ಕಳಿಗೆ ಹೇಳಿ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ ನಿಲ್ಲುವುದು, ಮಲಗುವುದು, ಮುಖ ಮುಚ್ಚಿಕೊಂಡು ಉರುಳುವುದು: ಇದನ್ನು ಹೇಳಿದರೆ ಸಾಲದು, ಚಾಪೆಯ ಮೇಲೆ ಮಾಡಿಸಿ. ಹೊಗೆಯಲ್ಲಿ ಅಂಬೆಗಾಲಿಡುವುದನ್ನೂ ಮಾಡಿಸಿ. ಮನೆಗೆ ಹೋಗಿ ಪ್ರತಿ ಕೋಣೆಯಿಂದ ಹೊರಬರುವ ಎರಡೆರಡು ದಾರಿ ಗುರುತಿಸಿ ನಕ್ಷೆ ಬರೆದು ತರಲು ಹೇಳಿ. ಎರಡನೇ ದಾರಿ ಇಲ್ಲದ ಮನೆಯ ಸಂಗತಿ ಆ ನಕ್ಷೆಯಿಂದಲೇ ದೊಡ್ಡವರ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಹಾಸಿಗೆ ಹಿಡಿದ ತಾಯಿ ಮನೆಯಲ್ಲಿದ್ದಾರೆ. ನಾವು ವಿಶೇಷವಾಗಿ ಏನು ಗಮನಿಸಬೇಕು?

ಉತ್ತರ: ಅಮ್ಮನ ಹಾಸಿಗೆ ಹೊರಬಾಗಿಲಿಗೆ ಹತ್ತಿರದ ಕೋಣೆಯಲ್ಲಿರಲಿ, ಅಲ್ಲೊಂದು ಅಲಾರಂ ಇರಲಿ. ಹಾಸಿಗೆಯ ಮೇಲೆ ಗಟ್ಟಿ ಹೊದಿಕೆಯೊಂದು ಸದಾ ಹಾಸಿರಲಿ, ತುರ್ತಿನಲ್ಲಿ ಅವರನ್ನು ಅದರ ಸಮೇತ ನೆಲಕ್ಕಿಳಿಸಿ ತಲೆಯ ಕಡೆಯಿಂದ ಎಳೆದು ತರಲು ಒಬ್ಬರಿಂದಲೂ ಆಗುತ್ತದೆ. ಒಣ ಚರ್ಮಕ್ಕೆ ಹಚ್ಚುವ ಮುಲಾಮುಗಳ ಬಗ್ಗೆ ಬ್ರಿಟನ್ನಿನ ಅಗ್ನಿಶಾಮಕ ಸೇವೆಗಳು ಎಚ್ಚರಿಸುತ್ತಲೇ ಇವೆ: ಮುಲಾಮು ಬಟ್ಟೆ, ಹೊದಿಕೆಗೆ ಇಳಿದು ಒಣಗಿದ ಮೇಲೆ ಆ ಬಟ್ಟೆ ಬೇಗ ಹೊತ್ತಿ ಜೋರಾಗಿ ಉರಿಯುತ್ತದೆ, ಒಗೆದರೂ ಪೂರ್ತಿ ಹೋಗುವುದಿಲ್ಲ. ಮುಲಾಮು ಬಿಡಬೇಕಿಲ್ಲ, ಹತ್ತಿರ ದೀಪ, ಮೇಣದಬತ್ತಿ, ಬೀಡಿ ಸಿಗರೇಟು ಬೇಡ. ರೋಗಿಗೆ ಆಮ್ಲಜನಕ ಕೊಡುತ್ತಿರುವ ಕೋಣೆಯಲ್ಲಂತೂ ಕಿಡಿಯೂ ಕೂಡದು. ಠಾಣೆಗೆ ಹೋಗಿ ಮನೆಯಲ್ಲಿ ಹೀಗೊಬ್ಬರಿದ್ದಾರೆ ಎಂದು ತಿಳಿಸಿ, ಮನೆಗೇ ಬಂದು ನೋಡಿ ಸಲಹೆ ಕೊಡುವ ವ್ಯವಸ್ಥೆ ಹಲವು ಕಡೆ ಇದೆ.

ಪ್ರಶ್ನೆ: ಸಣ್ಣ ಬೆಂಕಿ ನಾವೇ ನಂದಿಸಿದೆವು ಎನ್ನಿ. ಆಮೇಲೂ ಅಗ್ನಿಶಾಮಕದವರನ್ನು ಕರೆಯಬೇಕೆ?

ಉತ್ತರ: ಕರೆಯಿರಿ. ಚಾವಣಿಯ ಮೇಲ್ಪದರ, ಗೋಡೆಯ ಟೊಳ್ಳು, ಹಾಸಿಗೆಯ ಒಳಗಿನ ಫೋಮ್, ಇಲ್ಲೆಲ್ಲ ಬೆಂಕಿ ಗಂಟೆಗಟ್ಟಲೆ ಕಮರುತ್ತಾ ಕೂತು ಮತ್ತೆ ಏಳಬಲ್ಲದು. ಅವರ ಬಳಿ ಥರ್ಮಲ್ ಕ್ಯಾಮೆರಾ ಇದ್ದರೆ ಗೋಡೆಯ ಒಳಗಿನ ಬಿಸಿ ಹೊರಗಿನಿಂದಲೇ ಕಾಣುತ್ತದೆ. ಅವರು ನೋಡಿ ಒಪ್ಪುವವರೆಗೆ ಆ ಕೋಣೆಯ ಕರೆಂಟ್ ಹಾಕಬೇಡಿ. ಸುಟ್ಟ ಹಾಸಿಗೆಯನ್ನು ಬಿಸಿಲುಮಚ್ಚಿನಲ್ಲೋ ಮೆಟ್ಟಿಲ ಕೆಳಗೋ ಇಡದೆ ಕಟ್ಟಡದಿಂದ ದೂರ ಬಯಲಿಗೆ ಸಾಗಿಸಿ ಚೆನ್ನಾಗಿ ನೆನೆಸಿ. ಎಬಿಸಿ ಪುಡಿ ಬಿದ್ದ ಟಿವಿ, ಫ್ರಿಜ್, ಸ್ವಿಚ್‌ಬೋರ್ಡನ್ನು ಒಣಗಿರುವಾಗಲೇ ಶುಚಿ ಮಾಡಿಸಿ. ತೇವ ತಾಕಿದರೆ ಆ ಪುಡಿ ಲೋಹವನ್ನು ತಿನ್ನುತ್ತದೆ. ಹೊಗೆ, ಪುಡಿ ತಾಕಿದ ತೆರೆದ ಆಹಾರ, ಔಷಧಿಗಳನ್ನು ಎಸೆಯಿರಿ. ಯಾರಿಗಾದರೂ ಸುಟ್ಟಿದ್ದರೆ ಇದೆಲ್ಲಕ್ಕೂ ಮೊದಲು ಅದರ ಮೇಲೆ 20 ನಿಮಿಷ ತಣ್ಣನೆಯ ನಲ್ಲಿ ನೀರು ಹರಿಸಿ. ಐಸ್, ಟೂತ್‌ಪೇಸ್ಟ್, ಎಣ್ಣೆ ಬೇಡ. ಉಂಗುರ, ಬಳೆಗಳನ್ನು ಊದಿಕೊಳ್ಳುವ ಮುಂಚೆಯೇ ತೆಗೆಯಿರಿ, ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಕೀಳಬೇಡಿ. ಹೊಗೆ ಕುಡಿದವರು ಆರಾಮಾಗಿ ಕಂಡರೂ ವೈದ್ಯರಿಗೆ ತೋರಿಸಿ, ಉಸಿರಾಟದ ತೊಂದರೆ ಕೆಲವು ಗಂಟೆ ಕಳೆದ ಮೇಲೆ ಶುರುವಾಗುವುದುಂಟು.